ಕೃಷಿ ಓದುತ್ತೇನೆ ಎನ್ನುವ ಮಗನನ್ನು ತಡೆಯಬೇಕೇ?

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನಲ್ಲಿ, ಪೆರ್ಲದ ಸಮೀಪ, ಒಂದೂವರೆ ಎಕರೆ ಅಡಿಕೆ ತೋಟ. ನೀರು ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ್ದು. ಎರಡು ದನಗಳಿವೆ. ಮಗ ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಓದುತ್ತಿದ್ದಾನೆ. ಶಾಲೆಯ ತರಕಾರಿ ತೋಟದಲ್ಲಿ ಮುಂದಾಳಾಗಿ ಕೆಲಸ ಮಾಡಿದ್ದಕ್ಕೆ ಈ ಬಾರಿ ಮಲಯಾಳ ತಿಂಗಳು ಚಿಂಗಂ ಒಂದರ ಕೃಷಿಕರ ದಿನದಂದು ಕೃಷಿ ಭವನದವರು ಅವನನ್ನು ಗೌರವಿಸಿದರು. ಅಂದಿನಿಂದ ಎಸ್‌ಎಸ್‌ಎಲ್‌ಸಿ ಮುಗಿಸಿ ವಿಎಚ್‌ಎಸ್‌ಇಯಲ್ಲಿ (ವೃತ್ತಿಪರ ಹೈಯರ್ ಸೆಕೆಂಡರಿಯಲ್ಲಿ) ಕೃಷಿ ತೆಗೆದುಕೊಳ್ಳುವೆನೆಂದು ಹಟ ಹಿಡಿದಿದ್ದಾನೆ. ಅಂಕಗಳು ಚೆನ್ನಾಗಿವೆ, ಜೀವಶಾಸ್ತ್ರ ಪ್ರೀತಿ, ಗಣಿತ ಅಷ್ಟಕ್ಕಷ್ಟೆ. ಶಾಲೆಯಲ್ಲಿ ಕೆಲವರು ಅದು ಅಂಕ ಬಾರದವರ ಕೋರ್ಸು ಎನ್ನುತ್ತಾರೆ. ಯಜಮಾನರು, 'ಅಡಿಕೆ ತೋಟ ಮಾಡಲು ಎರಡು ವರ್ಷ ಶಾಲೆಗೆ ಹೋಗಬೇಕೇ, ಎಲೆಚುಕ್ಕಿ ರೋಗ ಬಂದಿರುವ ತೋಟದಲ್ಲಿ ಅವನಿಗೇನು ಸಿಗುತ್ತದೆ, ನಾಳೆ ಅವನಿಗೆ ಹೆಣ್ಣು ಕೊಡುವವರು ಯಾರು' ಎಂದು ಕೇಳುತ್ತಾರೆ. ಎಂಟನೆಯ ತರಗತಿಯ ಮಗಳು ಹಾಲಿನ ಲೆಕ್ಕ ಬರೆಯುತ್ತಾಳೆ, ಅವಳಿಗೆ ಈ ಗಲಾಟೆ ಇಲ್ಲ. ನಾವು ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಆತಂಕಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಆ ಕೋರ್ಸು ಮಗನ ಮುಂದಿನ ದಾರಿಯನ್ನು ಮುಚ್ಚಿಬಿಡುತ್ತದೆಯೇ ಎಂಬುದು ಒಂದು. ಒಂದೂವರೆ ಎಕರೆಯಲ್ಲಿ ಅವನಿಗೆ ಬದುಕು ಇದೆಯೇ ಎಂಬುದು ಇನ್ನೊಂದು. ಊರು ಅವನನ್ನು ಹೇಗೆ ಕಾಣುತ್ತದೆ ಎಂಬುದು ಮೂರನೆಯದು. ಇವನ್ನು ಬೇರೆಬೇರೆಯಾಗಿ ನೋಡದೆ ಹೋದರೆ ಮೊದಲನೆಯದಕ್ಕೆ ಕೊಟ್ಟ ಉತ್ತರದಿಂದ ಎರಡನೆಯದರ ಭಯ ಕಡಿಮೆಯಾಗುವುದಿಲ್ಲ. ಕೃಷಿ ಶಿಕ್ಷಣ ಮತ್ತು ವಿಸ್ತರಣೆಯ ಕೆಲಸದಲ್ಲಿ ದೀರ್ಘಕಾಲ ಇದ್ದವನಾಗಿ ನಾನು ಕಂಡಂತೆ, ಮನೆಗಳಲ್ಲಿ ಈ ಜಗಳ ಬಗೆಹರಿಯದಿರಲು ಮುಖ್ಯ ಕಾರಣವೂ ಅದೇ.

ಮೊದಲು ಕೋರ್ಸಿನ ವಿಷಯ. ಕೇರಳದಲ್ಲಿ ವೃತ್ತಿಪರ ಹೈಯರ್ ಸೆಕೆಂಡರಿ ಶಿಕ್ಷಣ 1983-84ರಲ್ಲಿ ಆರಂಭವಾಯಿತು. ಇದು ಎರಡು ವರ್ಷದ ಕಲಿಕೆ. ಮುಗಿಸಿದವರಿಗೆ ಪ್ಲಸ್ ಟುವಿಗೆ ಸಮಾನವಾದ ಅರ್ಹತೆಯೂ ಕೌಶಲದ ಪ್ರಮಾಣಪತ್ರವೂ ಒಟ್ಟಿಗೆ ಸಿಗುತ್ತವೆ. ಕೃಷಿಯ ಕೋರ್ಸುಗಳು ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳಿರುವ ವಿಭಾಗಕ್ಕೆ ಸೇರಿರುವುದರಿಂದ ಅಲ್ಲಿ ಕಲಿತವರು ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್ ಬರೆಯಬಹುದು. ಆ ಅಂಕಗಳ ಮೇಲೆ ಕೇರಳದ ಪ್ರವೇಶ ಪರೀಕ್ಷಾ ಆಯುಕ್ತರು ಸಿದ್ಧಪಡಿಸುವ ಪಟ್ಟಿಯಿಂದ ಬಿಎಸ್‌ಸಿ ಕೃಷಿ, ಅರಣ್ಯ, ಪಶುವೈದ್ಯಕೀಯ ಪದವಿಗಳಿಗೆ ಹೋಗಬಹುದು. ನಮ್ಮ ಜಿಲ್ಲೆಯಲ್ಲಿಯೇ, ಪಡನ್ನಕ್ಕಾಡಿನಲ್ಲಿ, ಕೇರಳ ಕೃಷಿ ವಿಶ್ವವಿದ್ಯಾಲಯದ ಕಾಲೇಜು 1994ರಿಂದ ನಡೆಯುತ್ತಿದೆ. ಆದುದರಿಂದ ವಿಎಚ್‌ಎಸ್‌ಇ ಎಂದರೆ ಓದಿಗೆ ಪೂರ್ಣವಿರಾಮ ಎಂಬ ಮಾತು ತಪ್ಪು. 'ಅಂಕ ಬಾರದವರ ಕೋರ್ಸು' ಎಂಬ ಹೆಸರು ಬಂದದ್ದಕ್ಕೆ, ಬೇರೆಲ್ಲೂ ಸೀಟು ಸಿಗದವರನ್ನು ಅಲ್ಲಿಗೆ ತಳ್ಳುವ ಅಭ್ಯಾಸ ಕಾರಣವೇ ಹೊರತು ಪಠ್ಯದ ಮಟ್ಟವಲ್ಲ. ಇಷ್ಟಪಟ್ಟು ಸೇರಿದ, ಚೆನ್ನಾಗಿ ಓದುವ ಹುಡುಗನೊಬ್ಬ ಅಂಥ ತರಗತಿಯಲ್ಲಿದ್ದರೆ ಅಧ್ಯಾಪಕರಿಗೆ ಅವನೇ ಆಸರೆಯಾಗುತ್ತಾನೆ.

ಆದರೆ ಎರಡು ಬಾಗಿಲುಗಳು ಮುಚ್ಚುತ್ತವೆ, ಅದನ್ನು ಮಗನಿಗೆ ಸ್ಪಷ್ಟವಾಗಿ ಹೇಳಿಬಿಡಿ. ಆ ವಿಭಾಗದಲ್ಲಿ ಗಣಿತವಿಲ್ಲ. ಎಂಜಿನಿಯರಿಂಗ್ ಕಡೆಗೆ, ಕೃಷಿ ಎಂಜಿನಿಯರಿಂಗ್ ಕಡೆಗೂ, ಮತ್ತೆ ಮನಸ್ಸು ಹರಿದರೆ ಕಷ್ಟವಾಗುತ್ತದೆ. ಕನ್ನಡವೂ ಅಲ್ಲಿ ಒಂದು ವಿಷಯವಾಗಿ ಇರುವುದಿಲ್ಲ. ಭಾಷೆಯಾಗಿ ಕಲಿಯುವುದು ಇಂಗ್ಲಿಷ್ ಮಾತ್ರ. ಪುಸ್ತಕ ಇಂಗ್ಲಿಷಿನದು, ವಿವರಣೆ ಹೆಚ್ಚಿನ ಕಡೆ ಮಲಯಾಳದ್ದು. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಮೊದಲ ಕೆಲವು ತಿಂಗಳು ಮೌನವಾಗಿರುವುದನ್ನು, ಆ ಮೌನವನ್ನು ಅಧ್ಯಾಪಕರು ದಡ್ಡತನವೆಂದು ತಿಳಿಯುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಸೇರಿಸುವ ಮೊದಲು ಶಾಲೆಯಲ್ಲಿ ಕನ್ನಡ ಬಲ್ಲ ಅಧ್ಯಾಪಕರಿದ್ದಾರೆಯೇ ಎಂದು ಕೇಳುವುದು ಗಡಿನಾಡಿನವರಾದ ನಮಗೆ ಸಣ್ಣ ವಿಚಾರಣೆಯಲ್ಲ.

ಇನ್ನು ಇದಕ್ಕೆ ವಿರುದ್ಧ ದಿಕ್ಕಿನ ಭ್ರಮೆಗಳೂ ಇವೆ, ಕೃಷಿ ಶಿಕ್ಷಣವನ್ನು ಹೊಗಳುವ ಭಾಷಣಗಳಲ್ಲಿ ಅವು ಧಾರಾಳ. ಶಾಲೆಯ ಅಂಗಳದಲ್ಲಿ ಗ್ರೋಬ್ಯಾಗುಗಳಲ್ಲಿ ಬದನೆ, ಬೆಂಡೆ ಬೆಳೆದ ಮಕ್ಕಳು ನಾಳೆ ಕೃಷಿಕರಾಗುತ್ತಾರೆ ಎಂಬುದು ಅಂಥದೊಂದು. ಬಿಸಿಯೂಟಕ್ಕೆ ತಾಜಾ ತರಕಾರಿ ಸಿಗುವುದು, ಮಕ್ಕಳು ಮಣ್ಣು ಮುಟ್ಟುವುದು ಒಳ್ಳೆಯದೇ. ಆದರೆ ಶಾಲೆಯ ವರ್ಷಕ್ಕೂ ತೋಟದ ವರ್ಷಕ್ಕೂ ಹೊಂದಾಣಿಕೆಯಿಲ್ಲ. ನಮ್ಮಲ್ಲಿ ಅಡಿಕೆಗೆ ಮೊದಲ ಮದ್ದು ಬಿಡುವುದು ಮುಂಗಾರು ಹಿಡಿಯುವ ಮೊದಲು, ಮೇ ಕೊನೆಗೆ. ಆಗ ಶಾಲೆಗೆ ರಜೆ. ನೀರಿನ ನಿಜವಾದ ಪರೀಕ್ಷೆ ಏಪ್ರಿಲಿನದು; ಆಗಲೂ ರಜೆ, ಶಾಲೆಯ ಗಿಡಗಳು ಒಣಗುತ್ತವೆ. ಬೆಲೆ ಬೀಳುವುದು, ಆಳು ಬಾರದಿರುವುದು, ಸಾಲದ ಕಂತು ಇವು ಯಾವುವೂ ಶಾಲೆಯ ತೋಟದಲ್ಲಿ ಇಲ್ಲ. ಆದ್ದರಿಂದ ಕೃಷಿಕರ ದಿನದ ಗೌರವವನ್ನು ನೋಡಿ ಮಗನು ಕೃಷಿಯನ್ನು ಅರಿತಿದ್ದಾನೆಂದು ತಿಳಿಯಬೇಡಿ. ಅವನಿಗೆ ಅದರಲ್ಲಿ ಆಸಕ್ತಿಯಿದೆ ಎಂದಷ್ಟೇ ತಿಳಿಯಿರಿ. ಕೃಷಿ ಓದಿದವರಿಗೆ ಸರಕಾರಿ ಕೆಲಸ ಖಂಡಿತ ಎಂಬ ಮಾತೂ ಹೀಗೆಯೇ. ಕೃಷಿ ಭವನಗಳಲ್ಲಿ ಕೃಷಿ ಸಹಾಯಕರ ಹುದ್ದೆಗಳಿವೆ, ಅವು ಪಿಎಸ್‌ಸಿ (ಲೋಕಸೇವಾ ಆಯೋಗ) ಮೂಲಕ ತುಂಬುತ್ತವೆ, ಹುದ್ದೆಗಳಿಗಿಂತ ಅರ್ಜಿದಾರರು ಎಷ್ಟೋ ಪಾಲು ಹೆಚ್ಚು. ಯಾವ ಪ್ರಮಾಣಪತ್ರ ಸಲ್ಲುತ್ತದೆ ಎಂಬುದನ್ನು ಇತ್ತೀಚಿನ ಅಧಿಸೂಚನೆಯನ್ನೇ ಓದಿ ತಿಳಿಯಬೇಕು, ಯಾರದೋ ಮಾತಿನಿಂದಲ್ಲ.

ಹಾಗಾದರೆ ಶಾಲೆ ಕೊಡುವುದೇನು ಎಂದು ಯಜಮಾನರು ಕೇಳುತ್ತಾರೆ. ಅವರಿಗೆ ಅಡಿಕೆಗೆ ಬಿಡುವ ಮದ್ದಾದ ಬೋರ್ಡೋ ದ್ರಾವಣದ ಉದಾಹರಣೆ ಹೇಳಿ, ಯಾಕೆಂದರೆ ಅವರು ಅದನ್ನು ಪ್ರತಿ ಮಳೆಗಾಲ ಮಾಡುವವರು. ಒಂದು ಕೆಜಿ ಮೈಲುತುತ್ತನ್ನು (ತಾಮ್ರದ ಸಲ್ಫೇಟನ್ನು) 50 ಲೀಟರ್ ನೀರಿನಲ್ಲಿ, ಒಂದು ಕೆಜಿ ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ದು ಕಲಕಿದರೆ ಶೇಕಡಾ 1ರ ದ್ರಾವಣ ಸಿದ್ಧ. ಸುಣ್ಣ ಸಾಕಾಯಿತೇ ಎಂದು ನೋಡಲು ಹಿರಿಯರು ಉಜ್ಜಿದ ಕತ್ತಿಯನ್ನು ಅದರಲ್ಲಿ ಅದ್ದುತ್ತಾರೆ. ಕತ್ತಿಯ ಮೇಲೆ ಕೆಂಪು ಕೂತರೆ ಇನ್ನಷ್ಟು ಸುಣ್ಣ ಬೇಕು. ಕತ್ತಿಯ ಕಬ್ಬಿಣವು ದ್ರಾವಣದಲ್ಲಿ ಉಳಿದ ತಾಮ್ರವನ್ನು ಹೊರದೂಡುವುದರಿಂದ ಹೀಗಾಗುತ್ತದೆ, ಮತ್ತು ಇದೇ ಕ್ರಿಯೆ ನಿಮ್ಮ ಮಗನ ಹತ್ತನೇ ತರಗತಿಯ ರಸಾಯನಶಾಸ್ತ್ರದಲ್ಲಿ ಲೋಹಗಳ ಕ್ರಿಯಾಶೀಲ ಶ್ರೇಣಿಯ ಪಾಠದಲ್ಲಿ ಬರುತ್ತದೆ. ತಂದೆಗೆ ಕತ್ತಿ ಗೊತ್ತು, ಮಗನಿಗೆ ಸಮೀಕರಣ ಗೊತ್ತು. ಇಬ್ಬರೂ ಒಂದೇ ಬಾನಿಯ ಮುಂದೆ ನಿಂತು ಮಾತಾಡಿದ್ದು ಬಹಳ ಕಡಿಮೆ. ಒಳ್ಳೆಯ ಕೃಷಿ ಅಧ್ಯಾಪಕ ಮಾಡುವ ಕೆಲಸ ಇಂಥದು. ಸುಣ್ಣ ಹಳೆಯದಾಗಿ ಸತ್ವ ಕಳೆದುಕೊಂಡಿದ್ದರೆ ಅಳತೆ ಸರಿಯಿದ್ದೂ ದ್ರಾವಣ ಯಾಕೆ ಕೆಡುತ್ತದೆ, ಅಂದಂದಿನ ದ್ರಾವಣವನ್ನು ಅಂದೇ ಯಾಕೆ ಮುಗಿಸಬೇಕು, ಮಹಾಳಿಗೆ, ಅಂದರೆ ಅಡಿಕೆಯ ಕೊಳೆರೋಗಕ್ಕೆ, ಕೊಟ್ಟ ಮದ್ದು ಹಳದಿ ಎಲೆ ರೋಗಕ್ಕೆ ಯಾಕೆ ತಾಗುವುದಿಲ್ಲ ಎಂಬ ಪ್ರಶ್ನೆಗಳನ್ನು ಕೇಳಲು ಹುಡುಗ ಕಲಿತರೆ, ಅಂಗಡಿಯವನು ಕೊಟ್ಟ ಡಬ್ಬಿಯನ್ನು ಹಾಗೆಯೇ ಮರಕ್ಕೆ ಹೊಡೆಯುವ ಅಭ್ಯಾಸ ಅವನ ಕಾಲಕ್ಕೆ ನಿಲ್ಲುತ್ತದೆ.

ಎಣ್ಮಕಜೆಯವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೇರು ತೋಟಗಳ ಮೇಲೆ 2000ದ ತನಕ ಆಕಾಶದಿಂದ ಎಂಡೋಸಲ್ಫಾನ್ ಎಂಬ ವಿಷಕಾರಿ ಕೀಟನಾಶಕ ಸುರಿದ ಪಂಚಾಯತಿನಲ್ಲಿ ನೀವು ಮನೆ ಕಟ್ಟಿಕೊಂಡಿದ್ದೀರಿ. ಕೃಷಿ ಬೇಡ ಎನ್ನುವ ಹಿರಿಯರಲ್ಲಿ ಕೆಲವರ ಮನಸ್ಸಿನ ಆಳದಲ್ಲಿ ಆ ನೆನಪೂ ಇದೆ ಎಂದು ನನ್ನ ಅನಿಸಿಕೆ. ನನ್ನ ಮಟ್ಟಿಗೆ ಅದು ಕೃಷಿಯನ್ನು ಬಿಡಲು ಇರುವ ಕಾರಣವಲ್ಲ, ಮದ್ದಿನ ಬಗ್ಗೆ ತಿಳಿದವರು ಕೃಷಿಯಲ್ಲಿ ಉಳಿಯಬೇಕೆಂಬುದಕ್ಕೆ ಇರುವ ಕಾರಣ.

ಈಗ ಯಜಮಾನರ ಭಯಕ್ಕೆ ಬರುತ್ತೇನೆ, ಏಕೆಂದರೆ ಅದು ನ್ಯಾಯವಾದದ್ದು. ಒಂಬತ್ತು ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 550 ಅಡಿಕೆ ಮರಗಳು. ನಿಮ್ಮಲ್ಲಿ 800 ಇವೆ ಎಂದುಕೊಳ್ಳೋಣ. ಮರಕ್ಕೆ 2 ಕೆಜಿ ಚಾಲಿ (ಒಣಗಿಸಿ ಸುಲಿದ ಅಡಿಕೆ) ಎಂದು ಹಿಡಿದರೆ 16 ಕ್ವಿಂಟಲ್. ಕೇವಲ ಲೆಕ್ಕಕ್ಕಾಗಿ ಕೆಜಿಗೆ 400 ರೂಪಾಯಿ ಎಂದು ಇಟ್ಟರೆ 6.4 ಲಕ್ಷ. ಎರಡು ಸಲ ಮದ್ದು, ಕೊಯ್ಲು, ಒಣಗಿಸುವುದು, ಸುಲಿಯುವುದು, ಗೊಬ್ಬರ, ನೀರು ಇವೆಲ್ಲ ಸೇರಿ ಅರ್ಧ ಹೋದರೆ ಉಳಿಯುವುದು ಮೂರು ಲಕ್ಷದ ಆಸುಪಾಸು. ಎಲೆಚುಕ್ಕಿ ಜೋರಾದ ವರ್ಷ ಅದೂ ಇಲ್ಲ. ಈ ಆದಾಯದಲ್ಲಿ ಒಂದು ಕುಟುಂಬ ಸಾಗಬಹುದು, ಎರಡು ಸಂಸಾರಗಳು ಸಾಗುವುದಿಲ್ಲ. ಮಗನು ಇದೇ ತೋಟದ ಇದೇ ಅಡಿಕೆಯನ್ನು ನಂಬಿ ಮನೆಯಲ್ಲಿ ಉಳಿದರೆ, ತಂದೆಗೆ ಸಂಬಳವಿಲ್ಲದ ಆಳಾಗಿ ನಲವತ್ತು ವರ್ಷದವರೆಗೆ ಕಾಯುತ್ತಾನೆ. ಬೇರೆ ಕೆಲವು ರಾಜ್ಯಗಳಂತೆ ಭೂಮಿ ಗೇಣಿಗೆ ಪಡೆದು ಬೇರೆಯಾಗಿ ಆರಂಭಿಸಲೂ ಇಲ್ಲಿ ಸುಲಭವಲ್ಲ. ಕೇರಳದ ಭೂಸುಧಾರಣಾ ಕಾನೂನಿನ ಪ್ರಕಾರ 1970ರಿಂದ ಹೊಸ ಗೇಣಿ ಒಪ್ಪಂದಕ್ಕೆ ಅವಕಾಶವಿಲ್ಲ. ಹಾಗಾಗಿ ನಮ್ಮ ಜಿಲ್ಲೆಯ ಯುವಕನಿಗೆ ಕೃಷಿಗೆ ಇರುವ ಬಾಗಿಲು ಬಹುಮಟ್ಟಿಗೆ ತಂದೆಯ ತೋಟದ ತಡಮೆ ಒಂದೇ.

ಹುಡುಗರು ಕೃಷಿ ಬಿಡುವುದಕ್ಕೆ ಬಿಸಿಲು, ಕೆಸರು, ಮೊಬೈಲು ಕಾರಣವೆಂದು ನಾವು ಹೇಳುತ್ತೇವೆ. ನಾನು ಕಂಡದ್ದು ಬೇರೆ. ಇಪ್ಪತ್ತೈದರ ಯುವಕನಿಗೆ ಯಾವ ಸಸಿ ನೆಡಬೇಕು ಎಂದು ನಿರ್ಧರಿಸುವ ಹಕ್ಕಿಲ್ಲ, ಅಡಿಕೆ ಮಾರಿದ ಹಣ ತಂದೆಯ ಖಾತೆಗೆ ಹೋಗುತ್ತದೆ, ಭೂಮಿಯ ದಾಖಲೆ ಅಜ್ಜನ ಹೆಸರಿನಲ್ಲಿದೆ, ಸಾಲಕ್ಕೆ ಅರ್ಜಿ ಹಾಕಲೂ ಅವನ ಹೆಸರಿನಲ್ಲಿ ಏನೂ ಇಲ್ಲ. ಮಂಗಳೂರಿನ ಅಂಗಡಿಯೊಂದರಲ್ಲಿ ಅದಕ್ಕಿಂತ ಕಡಿಮೆ ಸಂಪಾದಿಸಿದರೂ ತಿಂಗಳ ಕೊನೆಗೆ ಹಣ ಅವನ ಕೈಗೆ ಬರುತ್ತದೆ. ಇದನ್ನು ಶಾಲೆ ಸರಿಪಡಿಸಲಾರದು. ಪಠ್ಯದಲ್ಲಿ ಎಷ್ಟೇ ಕೃಷಿ ತುಂಬಿದರೂ ಮನೆಯಲ್ಲಿ ಮಾತಿಗೆ ಜಾಗವಿಲ್ಲದ ಹುಡುಗ ಹೊರಟೇ ಹೋಗುತ್ತಾನೆ.

ಆದಕಾರಣ ನಿಮ್ಮ ಮನೆಯಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಹೀಗಿದೆ: ಇದೇ ಭೂಮಿಯಿಂದ ಅಡಿಕೆಯಲ್ಲದ ಎರಡನೆಯ ಆದಾಯವೊಂದನ್ನು ಮಗ ತನ್ನದೆಂದು ಕಟ್ಟಬಲ್ಲನೇ? ದಾರಿಗಳಿವೆ. ಮರಗಳಿಗೆ ಕಾಳುಮೆಣಸು ಹಬ್ಬಿಸುವುದು ಎಲ್ಲರಿಗೂ ಗೊತ್ತು. ಸೊರಗು ರೋಗಕ್ಕೆ ಹೆದರಿ ಈಗ ಹಿಪ್ಪಲಿ ಬೇರಿನ ಮೇಲೆ ಕಸಿ ಕಟ್ಟಿದ ಗಿಡಗಳಿಗೆ ಬೇಡಿಕೆಯಿದೆ, ಆದರೆ ಅವಕ್ಕೆ ಬೇಸಗೆಯಲ್ಲಿ ನೀರು ತಪ್ಪಬಾರದು, ಸುರಂಗದ ನೀರು ಏಪ್ರಿಲಿನಲ್ಲಿ ಎಷ್ಟು ಬರುತ್ತದೆ ಎಂದು ಅಳೆಯದೆ ಕೈ ಹಾಕಬೇಡಿ. ಕಸಿ ಕಟ್ಟುವ ಕೈ ಇದ್ದವನಿಗೆ ಸಣ್ಣ ನರ್ಸರಿಯಿಂದ ಎಕರೆಗಟ್ಟಲೆ ಭೂಮಿಯಿಲ್ಲದೆಯೂ ಸಂಪಾದನೆ ಇದೆ. ಕಾರ್ಬನ್ ಫೈಬರ್ ದೋಟಿಯಲ್ಲಿ ನೆಲದಿಂದಲೇ ಮದ್ದು ಬಿಡುವ, ಕೊಯ್ಯುವ ಪರಿಣತರಿಗೆ ಹಂಗಾಮಿನಲ್ಲಿ ಒಂದು ದಿನವೂ ಬಿಡುವಿರುವುದಿಲ್ಲ. ಮರ ಹತ್ತುವವರಿಗಾಗಿ ಕಾದು ಮಹಾಳಿಗೆ ಬೆಳೆ ಕೊಟ್ಟವರಿಗೆ ಅದರ ಬೆಲೆ ಗೊತ್ತು. ಕೂಡ್ಲಿನಲ್ಲಿರುವ ಸಿಪಿಸಿಆರ್‌ಐ (ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ), ಅದರ ಕೃಷಿ ವಿಜ್ಞಾನ ಕೇಂದ್ರ, ವಿಟ್ಲದ ಪ್ರಾದೇಶಿಕ ಕೇಂದ್ರ ಇವೆಲ್ಲ ಪೆರ್ಲದಿಂದ ಒಂದು ದಿನದಲ್ಲಿ ಹೋಗಿ ಬರುವಷ್ಟು ಹತ್ತಿರ. ನಮ್ಮ ಜಿಲ್ಲೆಯ ನೆಟ್ಟಣಿಗೆಯ ಸತ್ಯನಾರಾಯಣ ಬೆಳೇರಿಯವರು 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಉಳಿಸಿಕೊಂಡು ಬಂದು 2024ರಲ್ಲಿ ಪದ್ಮಶ್ರೀ ಪಡೆದರು. ನಿಮ್ಮ ಮಗನು ಅಲ್ಲಿಂದ ಕಲಿಯಬೇಕಾದದ್ದು ಪ್ರಶಸ್ತಿ ಪಡೆಯುವುದನ್ನಲ್ಲ, ಒಂದು ತಳಿಗೂ ಇನ್ನೊಂದಕ್ಕೂ ಬೆರಕೆಯಾಗದಂತೆ ನೋಡಿ ಗುರುತಿಟ್ಟು ಕಾಯುವ ಶಿಸ್ತನ್ನು.

ಓದಿನ ಆಯ್ಕೆಗಳನ್ನು ಈಗ ತೂಗಬಹುದು. ವಿಎಚ್‌ಎಸ್‌ಇ ಕೃಷಿಯ ಲಾಭ, ಅಪಾಯ ಎರಡನ್ನೂ ಹೇಳಿದ್ದೇನೆ. ಸಾಮಾನ್ಯ ಪ್ಲಸ್ ಟುವಿನಲ್ಲಿ ಜೀವಶಾಸ್ತ್ರ ಮತ್ತು ಗಣಿತ ಎರಡೂ ಇರುವ ವಿಜ್ಞಾನ ವಿಭಾಗ ತೆಗೆದುಕೊಂಡರೆ ಎಲ್ಲ ಬಾಗಿಲುಗಳೂ ತೆರೆದಿರುತ್ತವೆ, ಕನ್ನಡವನ್ನು ಎರಡನೆಯ ಭಾಷೆಯಾಗಿ ಮುಂದುವರಿಸುವ ಶಾಲೆಗಳೂ ಇವೆ. ಆದರೆ ಗಣಿತ ಒಲ್ಲದ ಹುಡುಗನನ್ನು ಬಲವಂತದಿಂದ ಅಲ್ಲಿ ಕೂರಿಸಿದರೆ ಅಂಕವೂ ಹೋಗಿ ಉತ್ಸಾಹವೂ ಹೋದೀತು, ಮತ್ತು ಎರಡು ವರ್ಷ ಟ್ಯೂಷನ್ನಿನ ನಡುವೆ ಅವನು ತೋಟದ ಮುಖ ನೋಡುವುದಿಲ್ಲ. ಕರ್ನಾಟಕದಲ್ಲಿ ಕೃಷಿ ಪದವಿ ಓದಿಸುವ ಯೋಚನೆಯಿದ್ದರೆ ಒಂದು ವಿಷಯ ನೆನಪಿರಲಿ: ಕಾಸರಗೋಡು, ಮಂಜೇಶ್ವರ ಮತ್ತು ಹೊಸದುರ್ಗ ತಾಲೂಕುಗಳ ಕನ್ನಡ, ತುಳು ಮನೆಮಾತಿನ ವಿದ್ಯಾರ್ಥಿಗಳಿಗೆ ಅಲ್ಲಿನ ಪ್ರವೇಶ ಪರೀಕ್ಷೆಯಾದ ಸಿಇಟಿಯಲ್ಲಿ ಗಡಿನಾಡು ಕನ್ನಡಿಗರೆಂಬ ಅರ್ಹತೆ ಇದೆ, ಅದಕ್ಕಾಗಿ ಕನ್ನಡ ಭಾಷಾ ಪರೀಕ್ಷೆಯನ್ನೂ ಬರೆಯಬೇಕಾಗುತ್ತದೆ. ಅಲ್ಲಿ ಗಣಿತ ಎಷ್ಟರ ಮಟ್ಟಿಗೆ ಬೇಕೆಂಬುದನ್ನು ಆ ವರ್ಷದ ಕೈಪಿಡಿಯಲ್ಲಿ ನೋಡಿದ ಮೇಲೆಯೇ ಗಣಿತ ಬಿಡಿ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಕನ್ನಡದ ಓದುಗರಿಗೂ ಈ ಅವಕಾಶ ಅನ್ವಯಿಸುತ್ತದೆ, ಬಹಳ ಮಂದಿಗೆ ಗೊತ್ತಿಲ್ಲವಾದ್ದರಿಂದ ಹೇಳಿದೆ. ಬಿಕಾಂ ಮಾಡಿ ತೋಟ ನೋಡಿಕೊಳ್ಳುವುದು ಮತ್ತೊಂದು ದಾರಿ. ಲೆಕ್ಕ ಬಲ್ಲ ಕೃಷಿಕ ಕೆಟ್ಟವನೇನಲ್ಲ, ಆದರೆ ನಿಮ್ಮ ಮಗನ ಒಲವು ಆ ಕಡೆಗಿದ್ದಂತೆ ಕಾಣುವುದಿಲ್ಲ.

ಮದುವೆಯ ಚಿಂತೆಗೆ ನನ್ನಲ್ಲಿ ಮದ್ದಿಲ್ಲ. ನಮ್ಮ ಕಡೆ ಕೃಷಿಕ ಯುವಕರಿಗೆ ಹೆಣ್ಣು ಸಿಗುವುದು ಕಷ್ಟವಾಗಿರುವುದು ಸತ್ಯ. ಸ್ವಂತ ಆದಾಯ, ಸ್ವಂತ ನಿರ್ಧಾರ ಇಲ್ಲದ ಮನೆಗೆ ಮಗಳನ್ನು ಕೊಡಲು ಹಿಂಜರಿಯುವವರನ್ನು ತಪ್ಪೆನ್ನಲೂ ಆಗದು. ಹದಿನೈದರ ಹುಡುಗನ ಓದನ್ನು ಅದರ ಮೇಲೆ ನಿರ್ಧರಿಸಬೇಡಿ ಎಂದಷ್ಟೇ ಹೇಳಬಲ್ಲೆ. ಮಗಳಿಗೆ ಈ ಗಲಾಟೆ ಇಲ್ಲ ಎಂದು ಬರೆದಿದ್ದೀರಿ. ಹಾಲಿನ ಲೆಕ್ಕ ಅವಳ ಕೈಯಲ್ಲಿದೆ ಎಂದೂ ಬರೆದಿದ್ದೀರಿ. ಕೇರಳದ ಕೃಷಿ ಕಾಲೇಜುಗಳಲ್ಲಿ ಇಂದು ಹುಡುಗಿಯರೇ ಹೆಚ್ಚು. ಅವಳನ್ನೂ ಒಮ್ಮೆ ಕೇಳಿ.

ನಿಮ್ಮ ಸ್ಥಾನದಲ್ಲಿ ನಾನಿದ್ದರೆ ಮಗನನ್ನು ತಡೆಯುತ್ತಿರಲಿಲ್ಲ, ಆದರೆ ಶಾಲೆಯನ್ನು ಪರೀಕ್ಷಿಸದೆ ಕಳಿಸುತ್ತಲೂ ಇರಲಿಲ್ಲ. ಅಲ್ಲಿಗೆ ಹೋಗಿ ಕೇಳಬೇಕಾದವು: ಅಭ್ಯಾಸಕ್ಕೆ ಎಷ್ಟು ಸೆಂಟ್ಸ್ ಜಾಗವಿದೆ, ಅದರಲ್ಲಿ ಈಗ ಏನು ನಿಂತಿದೆ, ಕೃಷಿಯ ಅಧ್ಯಾಪಕರು ಖಾಯಂ ಇದ್ದಾರೆಯೇ, ಮಕ್ಕಳನ್ನು ಕೆಲಸದ ಅನುಭವಕ್ಕೆ ಎಲ್ಲಿಗೆ ಕಳಿಸುತ್ತಾರೆ, ಹಿಂದಿನ ತಂಡದಲ್ಲಿ ಎಷ್ಟು ಮಂದಿ ಪದವಿಗೆ ಹೋದರು. ಜಾಗವೂ ಇಲ್ಲದೆ ಅಧ್ಯಾಪಕರೂ ನಿಲ್ಲದ ಶಾಲೆಯಾದರೆ ಜೀವಶಾಸ್ತ್ರವಿರುವ ಸಾಮಾನ್ಯ ಪ್ಲಸ್ ಟು ಮೇಲು. ಏಕಗವಾಕ್ಷಿ ಪ್ರವೇಶದ ಹೊತ್ತಿಗೆ ಎರಡಕ್ಕೂ ಅರ್ಜಿ ಹಾಕಿರಿ.

ಶಾಲೆ ಯಾವುದೇ ಆಗಲಿ, ಈ ವರ್ಷವೇ ತೋಟದ ಒಂದು ಅಂಚಿನ 50 ಮರಗಳನ್ನು ಮಗನ ಪಾಲಿಗೆ ಬಿಟ್ಟುಕೊಡಲು ಯಜಮಾನರನ್ನು ಒಪ್ಪಿಸಿ. ಅದಕ್ಕೆ ಹಾಕಿದ ಗೊಬ್ಬರ, ಕೂಲಿ, ಬಿಟ್ಟ ಮದ್ದು, ಬಂದ ಅಡಿಕೆ ಎಲ್ಲವನ್ನೂ ಅವನೇ ಬರೆದಿಡಲಿ; ಅಲ್ಲಿ ಮೆಣಸು ನೆಡಬೇಕೋ ಬಾಳೆಯೋ ಎಂಬುದು ಅವನ ನಿರ್ಧಾರವಾಗಿರಲಿ, ಮಾರಿದ ಹಣ ಅವನ ಉಳಿತಾಯ ಖಾತೆಗೆ ಹೋಗಲಿ. ನಷ್ಟವಾದರೆ ಅದನ್ನೂ ಅವನೇ ಬರೆಯಲಿ, ಮುಂದಿನ ವರ್ಷದ ಗೊಬ್ಬರಕ್ಕೆ ತಂದೆಯ ಹತ್ತಿರ ಸಾಲ ಕೇಳಲಿ. ಪ್ಲಸ್ ವನ್ ಅರ್ಜಿ ತುಂಬುವ ಮೊದಲು ಸಿಗುವುದು ಒಂದು ಕೊಯ್ಲಿನ ಲೆಕ್ಕ ಮಾತ್ರ, ಆದರೆ ಕೃಷಿ ಬೇಕೋ ಬೇಡವೋ ಎಂಬ ಚರ್ಚೆಗೆ ಆ ಪುಸ್ತಕವನ್ನು ಮುಂದಿಟ್ಟುಕೊಂಡು ಕೂರಿ, ಯಜಮಾನರೂ ಜೊತೆಗಿರಲಿ.